ಉಂಡವರ ಎಲೆ

ಬಾವಿಯಲ್ಲಿ ಹೋಳಿಗೆ ತೇಲುತ್ತಿತ್ತು.

ಅರ್ಧ ತಿಂದು ಬಿಟ್ಟ ಹೋಳಿಗೆ. ಅದರ ಸುತ್ತ ಹರಿದ ಬಾಳೆಲೆ, ಬದನೆಕಾಯಿ ತೊಟ್ಟು, ಬುಂದಿ ಕಾಳು, ಯಾರೋ ಅಗಿದು ಉಗುಳಿದ ಎಲೆಅಡಿಕೆ. ಕಟ್ಟೆಯ ಸುತ್ತ ಒಂದು ಟ್ರೇಲರ್ ಎಂಜಲು ಬಿದ್ದಿತ್ತು. ನಾಯಿಗಳು ಎಳೆದಾಡುತ್ತಿದ್ದವು. ರೇಣವ್ವ ಕೊಡ ಹಿಡಿದು ನಿಂತೇ ಇದ್ದಳು. ಆಮೇಲೆ ಕೊಡವನ್ನು ನೆಲಕ್ಕೆ ಕುಕ್ಕಿ, ಯಾರೂ ಇಲ್ಲದ ಹೊಲದಲ್ಲಿ ಬಾಯಿಗೆ ಬಂದಂತೆ ಬೈದಳು.

ಬೈಯದೆ ಏನು ಮಾಡಿಯಾಳು? ದೇಸೂರ ದಾಟಿ, ಖಾನಾಪುರ ತಾಲೂಕು ಸುರುವಾಗುವ ಕಡೆ, ರಸ್ತೆಗೆ ಹತ್ತಿಕೊಂಡು ಅವಳ ತುಂಡು ಹೊಲ. ಹಿಂದಿನವರು ಡಂಗುರ ಸಾರಿ, ಸತ್ತ ದನ ಎಳೆದು, ಊರ ಚಾಕರಿ ಮಾಡಿ ಉಳಿಸಿಕೊಂಡದ್ದು. ಸರಕಾರ ಅದನ್ನು ಅವಳ ಹೆಸರಿಗೆ ಮಾಡಿಕೊಟ್ಟಿತ್ತು. ಆ ಬಾವಿಯನ್ನು ಮಾತ್ರ ಯಾವ ಸರಕಾರವೂ ಕೊಟ್ಟದ್ದಲ್ಲ. ಗಂಡ ದುರಗಪ್ಪ ಮತ್ತು ಅವಳು, ಇಬ್ಬರೇ ತೋಡಿದ್ದು. ಆತ ಹಾರೆ ಹಾಕಿದ, ಈಕೆ ಬುಟ್ಟಿ ಹೊತ್ತಳು. ಕೆಂಪು ಕಲ್ಲು ಬಂತು, ಅದನ್ನೂ ಒಡೆದರು. ಬಸುರಿಯಾಗಿ ಹೊತ್ತಳು, ಬಸಿರು ಇಳಿದುಹೋಯಿತು, ಮೈ ಸ್ವಲ್ಪ ಸುಧಾರಿಸುತ್ತಲೇ ಮತ್ತೆ ಹೊತ್ತಳು. ಯಾಕೆಂದರೆ ಊರ ಬಾವಿಗೆ ಹೋದರೆ ಕೊಡ ಕೆಳಗಿಟ್ಟು ದೂರ ನಿಲ್ಲಬೇಕು. ಪುಣ್ಯವಂತರು ಬಂದು ಮೇಲಿನಿಂದ ಹೊಯ್ದರೆ ನೀರು, ಇಲ್ಲದಿದ್ದರೆ ಖಾಲಿ ಕೊಡ.

ನೀರು ಬಿದ್ದ ದಿನ ದುರಗಪ್ಪ ಬಾವಿಯ ತಳದಲ್ಲೇ ನಿಂತು ಬೊಗಸೆಯಲ್ಲಿ ಕುಡಿದಿದ್ದ. "ರೇಣಿ, ಇನ್ನ ಯಾರ ಮುಂದೂ ನಿಂದರಬ್ಯಾಡ" ಅಂತ ಕೆಳಗಿನಿಂದ ಕೂಗಿದ್ದ. ಈಗ ಆತ ಇಲ್ಲ. ಬಾವಿಯೊಂದು ಉಳಿದಿತ್ತು.

ಎಂಜಲು ಯಾರದೆಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಆ ಎಲೆಗಳನ್ನು ಹಿಂದಿನ ದಿನ ಎತ್ತಿದವಳು ಅವಳೇ.

ಬೆಳಗಾವಿಯ ಹಿಂದವಾಡಿಯಲ್ಲಿ ಗುರುಪಾದಪ್ಪ ಸಾವಕಾರನ ಮಂಗಲ ಕಾರ್ಯಾಲಯ. ಅಲ್ಲಿ ಮದುವೆ ಇದ್ದ ದಿನ ರೇಣವ್ವ ದೇಸೂರಿನಿಂದ ರೈಲು ಹಿಡಿದು ಹೋಗುತ್ತಿದ್ದಳು. ವಡಗಾವಿ ಕಡೆಯ ಕೇರಿಯಿಂದಲೂ ಹೆಂಗಸರು ಬರುತ್ತಿದ್ದರು. ಕೆಲಸ ಒಂದೇ. ಪಂಕ್ತಿ ಎದ್ದ ಕೂಡಲೇ ಒಳಗೆ ನುಗ್ಗಿ ಎಲೆ ಎತ್ತುವುದು, ಸೆಗಣಿ ಬಳಿಯುವುದು, ಹೊರಗೆ ಬರುವುದು. ಎಲೆ ಎತ್ತಿ ಬಳಿಯುವ ತನಕ ಮುಂದಿನ ಪಂಕ್ತಿ ಕೂರುವುದಿಲ್ಲ. ಉಂಡವರು ಉಂಡ ಎಲೆ ಮುಟ್ಟುವುದಿಲ್ಲ. ಬಡಿಸುವವರೂ ಮುಟ್ಟುವುದಿಲ್ಲ. ಕುಕ್ಕರುಗಾಲಲ್ಲಿ ಸರಿಯುತ್ತ ಸರಿಯುತ್ತ ಎಲೆ ಮಡಚಿ ಬುಟ್ಟಿಗೆ ಹಾಕಬೇಕು. ಬುಟ್ಟಿ ತಲೆ ಮೇಲೆ ಬಂದರೆ ಸಾರು, ಪಾಯಸ, ಮಜ್ಜಿಗೆ ಎಲ್ಲ ಸೇರಿ ಕುತ್ತಿಗೆಯ ಮೇಲೆ ಇಳಿಯುತ್ತದೆ, ಕುಪ್ಪಸದೊಳಗೆ ಹೋಗುತ್ತದೆ. ಸಂಜೆಗೆ ಮೈಯೆಲ್ಲ ಹುಳಿ ನಾತ. ರೈಲಿನಲ್ಲಿ ಬಾಜು ಕೂತವರು ಮೂಗು ಮುಚ್ಚಿಕೊಂಡು ಎದ್ದುಹೋಗುತ್ತಾರೆ.

ಎತ್ತಿದ ಎಲೆಗಳನ್ನು ಮೊದಲು ಕಾರ್ಯಾಲಯದ ಹಿಂದಿನ ಖಾಲಿ ಜಾಗದಲ್ಲಿ ಚೆಲ್ಲುತ್ತಿದ್ದರು. ಆಮೇಲೆ ಸುತ್ತ ಬಂಗಲೆಗಳು ಎದ್ದವು. ಬಂಗಲೆಯವರಿಗೆ ವಾಸನೆ ಬಂತು. ಕಾರ್ಪೊರೇಶನ್ನಿನವರು ಬಂದು ಸಾವಕಾರನಿಗೆ ದಂಡ ಹಾಕಿದರು. ಬಂಗಲೆಯವರ ಮೂಗಿಗೆ ಕಾಯ್ದೆ ಬೇಗ ಓಡಿ ಬರುತ್ತದೆ ನೋಡಿ. ಆವತ್ತಿನಿಂದ ಎಂಜಲು ಟ್ರ್ಯಾಕ್ಟರ್ ಹತ್ತಿ ಊರ ಹೊರಗೆ ಹೊರಟಿತು.

ಆ ಟ್ರ್ಯಾಕ್ಟರ್ ಹೊಡೆಯುವವನು ಲಕ್ಷ್ಮಪ್ಪ. ರೇಣವ್ವನ ಒಡಹುಟ್ಟಿದ ತಮ್ಮ.

ಅವಳು ನೆಟ್ಟಗೆ ತಮ್ಮನ ಮನೆಗೆ ಹೋದಳು. ಅವನು ತಲೆ ಎತ್ತಲಿಲ್ಲ.

"ಸಾವಕಾರ್ರು ಹೇಳಿದ್ರು ಅಕ್ಕಾ. ನಾ ಏನ ಮಾಡ್ಲಿ? ಒಲ್ಲೆ ಅಂದ್ರ ನಾಳಿಂದ ಬರಬ್ಯಾಡ ಅಂತಾರ."

"ಬಾಜೂಕ ಅವರದ ಹೊಲಾ ಐತೆಲ್ಲೋ, ಹಾಟ್ಯಾ! ನಡುವ ಒಂದ ಬದು. ಅಲ್ಲಿ ಚೆಲ್ಲಾಕ ಏನಾಗಿತ್ತು?"

"ಅವರ ಹೊಲದಾಗ ಎಂಜಲಾ ಹಾಕಾಕ ಬರ್ತೈತೇನ? ಭೂಮಿತಾಯಿ ಮೈಲಿಗಿ ಆಕ್ಕಾಳಂತ."

ಬದುವಿನ ಆಚೆ ಭೂಮಿತಾಯಿ. ಬದುವಿನ ಈಚೆ ತಿಪ್ಪೆ.

ಮರುದಿನ ರೇಣವ್ವ ಕಾರ್ಯಾಲಯಕ್ಕೆ ಹೋದಾಗ ಮೊದಲ ಪಂಕ್ತಿ ಏಳುತ್ತಿತ್ತು. ಸಾವಕಾರ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಹಣೆ ತುಂಬ ವಿಭೂತಿ, ಮಡಿಲಲ್ಲಿ ಅಡಿಕೆ ಚೀಲ. ಬಸವ ಜಯಂತಿ ಬಂತೆಂದರೆ ಈತ ಮೈಕಿನ ಮುಂದೆ ನಿಂತು ದುಡಿಯುವ ಕೈ ದೊಡ್ಡದು ಅಂತ ಭಾಷಣ ಹೊಡೆಯುವವನು. ಎಲೆ ಎತ್ತುವ ಹೆಂಗಸರೂ ಹೊರಗೆ ನಿಂತು ಚಪ್ಪಾಳೆ ತಟ್ಟಿದ್ದರು.

"ಸಾವಕಾರ್ರ, ನನ್ನ ಬಾವ್ಯಾಗ ಎಂಜಲಾ ಬಿದ್ದೈತ್ರಿ."

"ಎಂಜಲಾ ಅಲ್ಲ, ಅನ್ನಾ ಅನ್ನು. ನಿನ್ನ ಹೊಲಕ್ಕ ಗೊಬ್ಬರ ಆಗ್ತೈತಿ. ಪುಕ್ಕಟೆ ಬಂದದ್ದಕ್ಕೂ ಕಿರಿಕಿರಿ ಮಾಡ್ತೀಯಲ್ಲಬೇ."

"ಕುಡಿಯೂ ನೀರ್ರಿ ಅದು. ಎತ್ತಿಸಿ ಕೊಡ್ರಿ."

ಸಾವಕಾರ ಒಳಗೆ ನೋಡಿದ. ಎರಡನೆಯ ಪಂಕ್ತಿಯವರು ಗೋಡೆಗೆ ಒರಗಿ ಕಾಯುತ್ತಿದ್ದರು.

"ಮೊದಲ ಎತ್ತು, ಆಮ್ಯಾಲ ನೋಡೂಣು" ಅಂದ.

ಅವಳು ಎತ್ತಿದಳು. ಪಂಕ್ತಿಯ ಮೇಲೆ ಪಂಕ್ತಿ ಎತ್ತಿದಳು. ಸೊಂಟ ಬಿದ್ದುಹೋಯಿತು. ಎಲ್ಲ ಮುಗಿಸಿ ಬಂದು ನೋಡಿದರೆ ಕುರ್ಚಿ ಖಾಲಿ. ಸಾವಕಾರ್ರು ಮಲಗಿದ್ದಾರೆ, ಎಬ್ಬಿಸಬೇಡ ಅಂದ ಅಡುಗೆಯವನು. ಅವಳು ಎತ್ತಿದ ಎಲೆಗಳೇ ಆ ಸಂಜೆ ಅವಳಿಗಿಂತ ಮೊದಲು ಅವಳ ಹೊಲ ಮುಟ್ಟಿದ್ದವು.

ಹೀಗೇ ಒಂದು ಲಗ್ನಸರಾಯಿ, ಮದುವೆಗಳ ಹಂಗಾಮು, ಪೂರ್ತಿ ನಡೆಯಿತು. ಕೇಳಿದಾಗೆಲ್ಲ ಅದೇ ಮಾತು. ಮೊದಲ ಎತ್ತು, ಆಮ್ಯಾಲ ನೋಡೂಣು. ಬಾವಿ ಅರ್ಧ ತುಂಬಿತು. ನೀರು ಕಪ್ಪಾಯಿತು, ನೊರೆ ಬಂತು, ಹುಳ ಬಿದ್ದವು. ರೇಣವ್ವ ಕೊಡ ಎತ್ತಿಕೊಂಡು ಮತ್ತೆ ಊರ ಬಾವಿಗೆ ಹೋದಳು. ಕೊಡ ಕೆಳಗಿಟ್ಟಳು. ದೂರ ನಿಂತಳು. ಬಿಸಿಲಲ್ಲಿ ನಿಂತ ಅವಳಿಗೆ ಬಾವಿಯ ತಳದಿಂದ ಕೂಗಿದ ಗಂಡನ ದನಿ ಕೇಳಿದಂತಾಗಿ ಕಣ್ಣಲ್ಲಿ ನೀರು ಬಂತು. ನಾಚಿಕೆಯ ನೀರಲ್ಲ ಅದು, ಸಿಟ್ಟಿನದು. ಖಾಲಿ ಕೊಡವನ್ನು ಅಲ್ಲೇ ಬಿಟ್ಟು ಪೊಲೀಸ್ ಠಾಣೆಗೆ ನಡೆದಳು.

ಹವಾಲ್ದಾರ ಈರಯ್ಯ ಫಿರ್ಯಾದಿ ಬರೆದುಕೊಂಡ. ಮಂದಿ ಜಾಗಕ್ಕೆ ನುಗ್ಗಿದ್ದಕ್ಕೊಂದು ಕಲಮು, ಕೆಡಿಸಿದ್ದಕ್ಕೊಂದು ಕಲಮು. ಜೇಲು ಆಗಬಹುದು, ದಂಡ ಆಗಬಹುದು, ಎರಡೂ ಆಗಬಹುದು ಅಂದ. ರೇಣವ್ವನಿಗೆ ಖುಷಿಯಾಯಿತು. ಮೂರನೆಯ ದಿನ ಪೊಲೀಸರು ಬಂದು ಹಿಡಿದುಕೊಂಡು ಹೋದದ್ದು ಲಕ್ಷ್ಮಪ್ಪನನ್ನು.

"ಅಯ್ಯ, ನಾ ಸಾವಕಾರನ ಹೆಸರ ಹೇಳಿದ್ನೆಲ್ಲರಿ!" ಅಂತ ಅವಳು ಠಾಣೆಯಲ್ಲಿ ಬಾಯಿ ಬಡಿದುಕೊಂಡಳು.

"ಸಾವಕಾರ ಚೆಲ್ಲಿದ್ದು ಯಾರ ನೋಡ್ಯಾರಬೇ? ಚೆಲ್ಲಿದ ಕೈ ಯಾರದೋ ಅವನ ಆರೋಪಿ. ಕಾಯ್ದೆ ಅದು" ಅಂದ ಈರಯ್ಯ.

ಖಾನಾಪುರದ ಕೋರ್ಟಿನಲ್ಲಿ ಜಡ್ಜ್ ಸಾಹೇಬರು ಕೇಳಿದರು: ಚೆಲ್ಲಿದ್ದು ನೀನೇನಾ? ಲಕ್ಷ್ಮಪ್ಪ ಹೌದ್ರಿ ಅಂದ. ಯಾರು ಹೇಳಿದರು? ಲಕ್ಷ್ಮಪ್ಪ ಹಿಂದೆ ತಿರುಗಿ ನೋಡಿದ. ಕೊನೆಯ ಬೆಂಚಿನಲ್ಲಿ ಸಾವಕಾರ ಅಡಿಕೆ ಕತ್ತರಿಸುತ್ತ ಕೂತಿದ್ದ. ಕತ್ತರಿಯ ಟಕ್ ಟಕ್ ನಿಂತಿತು.

"ಯಾರೂ ಹೇಳಿಲ್ರಿ. ನಾನ ಚೆಲ್ಲೀನಿ."

ದಂಡ ಕಟ್ಟಬೇಕು, ಇಲ್ಲದಿದ್ದರೆ ಜೇಲು. ಲಕ್ಷ್ಮಪ್ಪನ ಹೆಂಡತಿ ನಿಂಗವ್ವ ಸಾವಕಾರನ ಕಾಲು ಹಿಡಿದಳು. ನಿಮ್ಮ ಎಲಿ, ನಿಮ್ಮ ಗಾಡಿ, ದಂಡಾ ಕಟ್ಟರಿ ಯಪ್ಪಾ ಅಂತ ಅತ್ತಳು.

"ಅಕ್ಕಾ ತಮ್ಮಂದು ಜಗಳ. ನಡುವ ನನ್ನ ಯಾಕ ಎಳೀತೀರಿ?" ಅಂತ ಸಾವಕಾರ ಕಾಲು ಬಿಡಿಸಿಕೊಂಡು ಜೀಪು ಹತ್ತಿದ.

ಲಕ್ಷ್ಮಪ್ಪನನ್ನು ಹಿಂಡಲಗಾ ಜೇಲಿಗೆ ಒಯ್ದರು. ನಿಂಗವ್ವ ಕೋರ್ಟಿನ ಅಂಗಳದಲ್ಲೇ ಗಂಡನ ಅಕ್ಕನ ಮುಖಕ್ಕೆ ಉಗಿದಳು. ರೇಣವ್ವ ಒರೆಸಿಕೊಳ್ಳಲಿಲ್ಲ. ಉಗುಳು ಹಾಗೇ ಒಣಗಿತು.

ಹುಣಸೆಮರದ ಕೆಳಗೆ ಟೇಬಲ್ ಹಾಕಿಕೊಂಡು ಕೂತ ತವನಪ್ಪ ವಕೀಲರು ಎಲ್ಲ ನೋಡುತ್ತಿದ್ದರು. ಬಾರವ್ವ ಇಲ್ಲಿ ಅಂತ ಕರೆದು ನೀರು ಕೊಟ್ಟರು.

"ನಿನ್ನ ತಮ್ಮನ ಕೈ ಸಿಕ್ತು, ಅದಕ್ಕ ತಮ್ಮ ಒಳಗ ಹೋದ. ಸಾವಕಾರನ ಕೈ ಸಿಕ್ರ ಸಾವಕಾರ ಒಳಗ ಹೋಗ್ತಾನ. ಅಷ್ಟ ಇರೂದು."

"ಆತ ಹುಟ್ಟಿದಾಗಿಂದ ಉಂಡ ಎಲಿ ಮುಟ್ಟಿಲ್ರಿ. ಕೈ ಹೆಂಗ ಸಿಗತೈತಿ?"

"ಹಂಗಾದ್ರ ಕೇಸ ಇಲ್ಲವ್ವಾ" ಅಂತ ವಕೀಲರು ನಿಟ್ಟುಸಿರು ಬಿಟ್ಟರು.

ಆ ನಿಟ್ಟುಸಿರು ಅವರಿಗೇ ಇರಲಿ. ರೇಣವ್ವನ ತಲೆಯಲ್ಲಿ ಆಗಲೇ ಒಂದು ಲೆಕ್ಕ ಕೂತುಬಿಟ್ಟಿತ್ತು. ಸಾವಕಾರ ಎಲೆ ಮುಟ್ಟಬೇಕು.

ಜೇಲಿನಿಂದ ಲಕ್ಷ್ಮಪ್ಪ ಸೊರಗಿ ಬಂದ. ಅಕ್ಕನ ಮೇಲೆ ಸಿಟ್ಟು ಮಾಡಲಿಲ್ಲ. ಅವಳ ಗುಡಿಸಲ ಮುಂದೆ ಕೂತು ಬೀಡಿ ಸೇದುತ್ತ ಅಂದ:

"ಒಂದ ಮಾತ ಹೇಳತೀನಿ ಅಕ್ಕಾ. ಅಲ್ಲಿ ಉಂಡಾಂವ ತನ್ನ ತಾಟ ತಾನ ತೊಳೀಬೇಕು. ಕಳ್ಳ ಇರ್ಲಿ, ಖೂನಿ ಮಾಡಿದಾಂವ ಇರ್ಲಿ, ಗೌಡ ಇರ್ಲಿ. ಮಂದಿ ತಾಟ ತೊಳೀರಿ ಅನ್ನಾವ್ರ ಇಲ್ಲ ಅಲ್ಲಿ."

ರೇಣವ್ವ ನಕ್ಕಳು. ಬಹಳ ದಿನದ ಮೇಲೆ ನಕ್ಕಳು. ಮುಂದಿನ ಲಗ್ನಸರಾಯಿಗೆ ಸಾವಕಾರನ ಒಬ್ಬಳೇ ಮಗಳ ಮದುವೆ ಗೊತ್ತಾಗಿತ್ತು.

ಆ ಚಳಿಗಾಲವೆಲ್ಲ ಅವಳು ವಡಗಾವಿ ಕೇರಿಯಲ್ಲಿ ಮನೆ ಮನೆ ತಿರುಗಿದಳು. ಯಾವ ಸಾಕ್ಷಿಯನ್ನೂ ತೋರಿಸಲಿಲ್ಲ. ಒಂದು ಬಾಟಲಿಯಲ್ಲಿ ತನ್ನ ಬಾವಿಯ ನೀರು ಒಯ್ದು ಮೂಸಿ ನೋಡಿ ಅಂದಳು, ಅಷ್ಟೆ. ಎಲ್ಲರಿಗೂ ಗುರುತಿನ ನಾತ. ಅವರ ಕುತ್ತಿಗೆಯ ಮೇಲೆ ಇಳಿದದ್ದೇ ಅದು. ಮುದುಕಿ ಬಾಳವ್ವ ಬಾಟಲಿ ತಿರುಗಿಸಿ ಕೊಟ್ಟು, "ಹ್ಞೂಂ ಅಂತೀನಿ. ನನ್ನ ಸೊಂಟಾನೂ ಹ್ಞೂಂ ಅಂತೈತಿ" ಅಂದಳು. ಟ್ರ್ಯಾಕ್ಟರ್ ಹೊಡೆಯುವ ಹುಡುಗರೂ ಆ ಮದುವೆಯ ದಿನ ಹಿಂದವಾಡಿ ಕಡೆ ಹಾಯುವುದಿಲ್ಲವೆಂದು ಆಣೆ ಮಾಡಿದರು.

ಮದುವೆ ಬಂತು. ಧಾರವಾಡದ ಬೀಗರು ಬಸ್ಸು ಮಾಡಿಕೊಂಡು ಬಂದರು. ಅಕ್ಷತೆ ಬಿತ್ತು. ಮೊದಲ ಪಂಕ್ತಿ ಉಂಡು ಎದ್ದಿತು. ಕೈ ತೊಳೆದರು. ಎರಡನೆಯ ಪಂಕ್ತಿಯವರು ಬಾಗಿಲಿಗೆ ಬಂದು ನಿಂತರು.

ಎಲೆಗಳು ಹಾಗೇ ಇದ್ದವು.

ಎಲೆ ಎತ್ತುವ ಹೆಂಗಸರೆಲ್ಲ ರಸ್ತೆಯ ಆಚೆ, ಬೇವಿನಮರದ ಕೆಳಗೆ ಕೂತಿದ್ದರು. ತೊಳೆದ ಸೀರೆ ಉಟ್ಟು, ತಲೆ ಬಾಚಿ, ಮಲ್ಲಿಗೆ ಮುಡಿದು ಕೂತಿದ್ದರು.

ಸಾವಕಾರ ಜರತಾರಿ ರುಮಾಲಿನಲ್ಲಿ ಓಡಿ ಬಂದ.

"ಏ ರೇಣಿ! ಪಂಕ್ತಿ ಎದ್ದೈತಿ, ಕಾಣ್ಸೂದಿಲ್ಲೇನ? ಎತ್ತು ನಡಿ!"

"ಯಾರ ಉಂಡಾರ ಅವರ ಎತ್ತಲಿ."

"ಏನಂದಿ?"

"ಕಿವಿ ಕೇಳಸೂದಿಲ್ಲೇನ್ರಿ? ಉಂಡವರ ಎತ್ತಲಿ ಅಂದ್ನಿ."

ಸಾವಕಾರ ಕೈ ಎತ್ತಿದ. ಹೆಂಗಸರೆಲ್ಲ ಒಮ್ಮೆಲೇ ಎದ್ದು ನಿಂತರು. ಎತ್ತಿದ ಕೈ ಇಳಿಯಿತು. ದುಪ್ಪಟ್ಟು ಕೂಲಿ ಅಂದ. ಹೊಸ ಸೀರೆ ಅಂದ. ಕೊನೆಗೆ ಬಾಳವ್ವನ ಮುಂದೆ ಬಗ್ಗಿ, "ಆಯೀ, ನೀನರೆ ಹೇಳ. ನನ್ನ ಮಗಳ ಲಗ್ನ ಐತಿ" ಅಂದ.

"ಇವತ್ತ ನಾವು ಮಡೀಲಿ ಅದೀವ್ರಿ ಸಾವಕಾರ್ರ. ಎಂಜಲಾ ಮುಟ್ಟಂಗಿಲ್ಲ" ಅಂದಳು ಬಾಳವ್ವ. ಬೇವಿನಮರದ ಕೆಳಗೆ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಒಳಗೆ ಯಾರೂ ಎತ್ತಲಿಲ್ಲ. ಬೀಗರು ಎತ್ತುವುದುಂಟೇ? ಹೊಸ ಅಳಿಯ ಎತ್ತುವುದುಂಟೇ? ಎರಡನೆಯ ಪಂಕ್ತಿಯನ್ನು ಅಂಗಳದಲ್ಲಿ ಬಿಸಿಲಿಗೆ ಕೂರಿಸಿದರು. ಅದೂ ಉಂಡು ಎದ್ದಿತು. ಆ ಎಲೆಯೂ ಹಾಗೇ ಉಳಿಯಿತು. ಮೂರನೆಯ ಪಂಕ್ತಿಗೆ ನೆಲವೇ ಇರಲಿಲ್ಲ. ವರನ ಸೋದರಮಾವ ಉಣ್ಣದೆ ಬಸ್ಸು ಹತ್ತಿ ಕೂತ. ಸಂಜೆಗೆ ಕಾರ್ಯಾಲಯದ ತುಂಬ ನೊಣ. ಎರಡು ಹೊತ್ತಿನ ಎಂಜಲು ಅಲ್ಲೇ ಹುಳಿ ಹಿಡಿಯಿತು. ಬೆಳಗಾಗುತ್ತಲೇ ಬಂಗಲೆಯವರು ಗೇಟಿಗೆ ಬಂದು ಕೂಗಾಡಿದರು. ಇನ್ನೊಂದು ತಾಸಿನಲ್ಲಿ ತೆಗೆಯದಿದ್ದರೆ ಕಾರ್ಪೊರೇಶನ್ನಿಗೆ ಫೋನು ಅಂದರು. ಸಾವಕಾರ ಆ ವರ್ಷ ಕಾರ್ಪೊರೇಶನ್ ಇಲೆಕ್ಷನ್ನಿಗೆ ನಿಲ್ಲುವವನಿದ್ದ.

ಗುರುಪಾದಪ್ಪ ಸಾವಕಾರ ಧೋತರ ಎತ್ತಿ ಕಟ್ಟಿದ. ಮೂಗಿಗೆ ವಸ್ತ್ರ ಬಿಗಿದ. ಎಲೆ ಮುಟ್ಟಿದ. ತಾನೇ ತುಂಬಿದ, ತಾನೇ ಟ್ರ್ಯಾಕ್ಟರ್ ಹತ್ತಿದ. ಖಾನಾಪುರ ರಸ್ತೆ ಹಿಡಿದ.

ಅವನ ಸ್ವಂತ ಹೊಲ ಮೊದಲು ಬರುತ್ತದೆ. ಅಲ್ಲಿ ತಿರುಗಿಸಿದ್ದರೆ ಯಾರೂ ಏನೂ ಮಾಡುವಂತಿರಲಿಲ್ಲ. ಆದರೆ ಉಂಡ ಎಲೆ ತನ್ನ ಭೂಮಿಗೆ ಬಿದ್ದೀತು ಎಂಬ ವಿಚಾರವೇ ಅವನ ತಲೆಗೆ ಬರಲಿಲ್ಲ. ಹುಟ್ಟಿದಾಗಿನಿಂದ ಎಂಜಲಿಗೆ ಗೊತ್ತಿದ್ದ ಜಾಗ ಒಂದೇ, ಹೊಲೆಯರ ಜಾಗ. ಬದು ದಾಟಿಸಿದ. ಬಾವಿಯ ಕಟ್ಟೆಗೆ ಟ್ರೇಲರ್ ಹಚ್ಚಿದ. ಬಗ್ಗಿ ಎರಡೂ ಕೈಯಿಂದ ಬಾಚಿ ಬಾಚಿ ಚೆಲ್ಲಿದ.

ಮಾವಿನಮರದ ಹಿಂದಿನಿಂದ ರೇಣವ್ವ ಬಂದಳು. ಅವಳ ಜೊತೆ ತವನಪ್ಪ ವಕೀಲರು, ಊರಿನ ಇಬ್ಬರು ಪಂಚರು, ಮತ್ತು ಹವಾಲ್ದಾರ ಈರಯ್ಯ. ವಕೀಲರು ಮೇಲಿನ ಸಾಹೇಬರಿಗೆ ಅರ್ಜಿ ಕೊಟ್ಟು ಹವಾಲ್ದಾರ ಬರುವಂತೆ ಮಾಡಿದ್ದರು. ಈರಯ್ಯನಿಗೆ ಬೆವರು ಕಿತ್ತು ಬಂದಿತ್ತು.

"ಲಕ್ಷ್ಯಾ ಎಲ್ಲಿ? ಲಕ್ಷ್ಯಾ ತಂದಾನ ಇದನ್ನ!" ಅಂತ ಸಾವಕಾರ ಕೂಗಿದ.

ಈರಯ್ಯ ಅವನ ಕೈ ನೋಡಿದ. ಮೊಳಕೈ ತನಕ ಪಾಯಸ.

"ಚೆಲ್ಲಿದ ಕೈ ಯಾರದೋ ಅವನ ಆರೋಪಿ ಅಲ್ಲೇನ್ರಿ ಹವಾಲ್ದಾರ್ರ? ಕಾಯ್ದೆ ಐತೆಲ್ಲ" ಅಂದಳು ರೇಣವ್ವ.

ಕೇಸು ಸುರುವಾಯಿತು. ಎರಡು ತಾರೀಖು ಆಗುವಷ್ಟರಲ್ಲಿ ಸಾವಕಾರ ಅವಳ ಗುಡಿಸಲಿಗೇ ಬಂದ. ತನ್ನ ಜನ್ಮದಲ್ಲಿ ಮೊದಲ ಸಲ ಆ ಕೇರಿ ತುಳಿದಿದ್ದ. ರೇಣವ್ವ ಕಂಬಳಿ ಹಾಸಿದಳು.

"ಕುಂದರ್ರಿ."

ಅವನು ಕೂತ. ಕೂರಬೇಕಾಯಿತು.

"ರೇಣವ್ವಾ" ಅಂದ. ಅವನ ಬಾಯಲ್ಲಿ 'ವ್ವಾ' ಬಂದದ್ದೂ ಆವತ್ತೇ. "ನೀ ಕೋರ್ಟಿನ್ಯಾಗ ರಾಜಿ ಅಂದ್ರ ಕೇಸ ಅಲ್ಲೇ ಮುಗೀತೈತಿ. ಹೊಲದ ಮಾಲಕಿ ನೀನು. ನೀ ಒಪ್ಪಿದ್ರ ಸಾಕು. ನಮ್ಮ ವಕೀಲ ಹೇಳ್ಯಾನ, ಕಾಯ್ದೆದಾಗ ಐತಿ."

ರೇಣವ್ವ ಅವನ ಎದುರು ಬಂದು ಕೂತಳು.

"ನನ್ನ ತಮ್ಮನ ಕೇಸಿನ್ಯಾಗೂ ಇತ್ತೇನ್ರಿ ಈ ಕಾಯ್ದೆ?"

ಸಾವಕಾರ ಬಾಗಿಲ ಕಡೆ ನೋಡಿದ.

"ಆವತ್ತ ನಾ ರಾಜಿ ಅಂದಿದ್ರ ನನ್ನ ತಮ್ಮ ಮನಿಗಿ ಬರ್ತಿದ್ದಾ?"

"...ಬರ್ತಿದ್ದ."

"ನಿಮಗ ಗೊತ್ತಿತ್ತು?"

ಸಾವಕಾರ ಕಂಬಳಿಯ ಅಂಚು ತಿಕ್ಕುತ್ತ ಕೂತ. ಗೊತ್ತಿತ್ತು. ಕೊನೆಯ ಬೆಂಚಿನಲ್ಲಿ ಅಡಿಕೆ ಕತ್ತರಿಸುವಾಗಲೂ ಗೊತ್ತಿತ್ತು. ಒಂದು ಶಬ್ದ. ಆ ಒಂದು ಶಬ್ದವನ್ನು ಅವಳ ಕಿವಿಗೆ ಹಾಕುವವರು ಆವತ್ತು ಒಬ್ಬರೂ ಇರಲಿಲ್ಲ. ಈಗ ಸಾವಕಾರನಿಗೆ ಬೇಕಾಯಿತು, ಆ ಶಬ್ದ ತಾನಾಗಿ ಗುಡಿಸಲಿಗೆ ನಡೆದು ಬಂತು. ರೇಣವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ದನಿ ಮಾತ್ರ ತಣ್ಣಗಿತ್ತು.

"ಬಾವ್ಯಾಗಿನ ಹೊಲಸು ತಗೀರಿ. ನೀವ ತಗೀಬೇಕು, ಆಳ ಹಚ್ಚಂಗಿಲ್ಲ. ಹಗಲಿನ್ಯಾಗ ತಗೀಬೇಕು."

"ತಗದ್ರ ರಾಜಿ ಆಗ್ತೀಯಲ್ಲ?"

"ಮೊದಲ ಎತ್ರಿ. ಆಮ್ಯಾಲ ನೋಡೂಣು."

ಅವನು ಎತ್ತಿದ. ಯಾರ ಬಾಯಿಂದ ಬಂದ ಮಾತು ಅದೆಂದು ಅವನಿಗೆ ನೆನಪೂ ಆಗಲಿಲ್ಲ. ಹಗ್ಗ ಹಿಡಿದು ಬಾವಿಗೆ ಇಳಿದ. ಸೊಂಟದ ಮಟ ಕೊಳೆತ ರೊಜ್ಜಿನಲ್ಲಿ ನಿಂತು ಬುಟ್ಟಿ ತುಂಬಿದ. ಮೇಲೆ ಬಂದು ಬುಟ್ಟಿ ಹೊತ್ತು ಬದು ದಾಟಿ ತನ್ನ ಹೊಲದಲ್ಲಿ ಸುರಿದ. ನೀರು ಕುತ್ತಿಗೆಯ ಮೇಲೆ ಇಳಿಯಿತು, ಅಂಗಿಯೊಳಗೆ ಹೋಯಿತು. ವಾಂತಿ ಮಾಡಿಕೊಂಡ. ರಸ್ತೆಯಲ್ಲಿ ಖಾನಾಪುರದ ಬಸ್ಸುಗಳು ನಿಧಾನಕ್ಕೆ ಹಾಯುತ್ತಿದ್ದವು. ಕಿಟಕಿಯಲ್ಲಿ ತಲೆಗಳು. "ಸಾವಕಾರ ಹಾಯ್ ಕಾಯ್ ತೊ?" ಸಾವಕಾರನೇನು ಅವನು, ಅಂತ ಮರಾಠಿಯಲ್ಲಿ ಒಬ್ಬ ಕೂಗಿದ್ದೂ ಕೇಳಿತು. ರೇಣವ್ವ ಕಟ್ಟೆಯ ಮೇಲೆ ಕೂತು ನೋಡಿದಳು. ಅವಳಿಗೆ ಕನಿಕರ ಬಂತೇ ಅಂತ ಕೇಳಬೇಡಿ. ಬರಲಿಲ್ಲ.

ತಳ ಕಾಣುವ ತನಕ ಎತ್ತಿಸಿದಳು.

ತಾರೀಖಿನ ದಿನ ಶನಿವಾರ. ಸಾವಕಾರ ಗರಿಗರಿ ಬಟ್ಟೆ ಹಾಕಿಕೊಂಡು ಬಂದಿದ್ದ. ಕೇಸು ಮುಗಿಯಿತೆಂದು ಅವನ ವಕೀಲ ಪೇಢೆ ಡಬ್ಬಿಯನ್ನೇ ತಂದಿದ್ದ. ಸಾಕ್ಷಿ ಎಲ್ಲ ಮುಗಿದಿತ್ತು. ಜಡ್ಜ್ ಸಾಹೇಬರು ಕನ್ನಡಕ ಏರಿಸಿ ಕೇಳಿದರು: "ಏನಮ್ಮಾ, ರಾಜಿ ಆಗಿದ್ದೀರೇನು?"

"ಇಲ್ರಿ ಸಾಹೇಬ್ರ."

ಸಾವಕಾರ ಕುರ್ಚಿ ಬಿಟ್ಟು ಎದ್ದ. "ಮೋಸ! ನನ್ನ ಕಡಿಂದ ಬಾವಿ ತಗಿಸ್ಯಾಳ್ರಿ!"

ರೇಣವ್ವ ತಿರುಗಿ ನೋಡಿದಳು.

"ಎತ್ರಿ ಅಂದಿದ್ನಿ, ಎತ್ತಿದಿರಿ. ಆಮ್ಯಾಲ ನೋಡೂಣು ಅಂದಿದ್ನಿ, ನೋಡೀನಿ. ರಾಜಿ ಆಗೂದಿಲ್ಲ. ನಿಮ್ಮ ಮಾತ ನಿಮಗ ಕೊಟ್ಟೀನಿ ಸಾವಕಾರ್ರ, ಅದರಾಗ ನಂದೇನೂ ಸೇರಿಸಿಲ್ಲ."

ದಂಡ ಹಾಕಿ ಬಿಡಬೇಕೆಂದು ಅವನ ವಕೀಲ ಬೇಡಿದ. ತವನಪ್ಪ ವಕೀಲರು ಎದ್ದು ನಿಂತು, ಆಳಿಗೆ ಶಿಕ್ಷೆಯಾದದ್ದನ್ನು ಕಣ್ಣಾರೆ ನೋಡಿಯೂ ಮತ್ತೆ ತಂದು ಚೆಲ್ಲಿದವನು ಈತ ಅಂದರು. ಜಡ್ಜ್ ಸಾಹೇಬರು ಬರೆದರು. ಆಳು ಎಷ್ಟು ದಿನ ಒಳಗಿದ್ದನೋ ಧಣಿಯೂ ಅಷ್ಟೇ ದಿನ. ದಂಡದ ಮಾತೇ ಇಲ್ಲ.

ಅಪೀಲಿಗೆಂದು ವಕೀಲ ಬೆಳಗಾವಿಗೆ ಜೀಪು ಓಡಿಸಿದ. ಅಷ್ಟರಲ್ಲಿ ಅಲ್ಲಿ ಕೋರ್ಟು ಎದ್ದಿತ್ತು. ಇನ್ನು ಸೋಮವಾರವೇ.

"ಸೋಮವಾರ ಬಿಡಿಸಿಕೊಂಡ ಬರ್ತಾರವ್ವಾ ಅವನ್ನ" ಅಂದರು ತವನಪ್ಪ ವಕೀಲರು, ಮೆಲ್ಲಗೆ.

"ಬರ್ಲಿ ಬಿಡ್ರಿ. ಸೋಮಾರದ ತನಕಾ ಉಣ್ಣಾಕ ಬೇಕಲ್ಲ" ಅಂದಳು ರೇಣವ್ವ.

ಪೊಲೀಸರು ಸಾವಕಾರನನ್ನು ವ್ಯಾನಿನ ಕಡೆ ನಡೆಸಿದರು. ಅಂಗಳದ ತುಂಬ ಮಂದಿ. ಬಾಳವ್ವ ಇದ್ದಳು, ನಿಂಗವ್ವ ಇದ್ದಳು. ಲಕ್ಷ್ಮಪ್ಪ ಹುಣಸೆಮರಕ್ಕೆ ಒರಗಿ ಬೀಡಿ ಸೇದುತ್ತ ನಿಂತಿದ್ದ. ಸಾವಕಾರ ಯಾರನ್ನೂ ನೋಡದೆ ವ್ಯಾನಿನ ಮೆಟ್ಟಿಲಿಗೆ ಕಾಲಿಟ್ಟ. ರೇಣವ್ವ ಮುಂದೆ ಬಂದಳು. ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿದಳು:

"ಸಾವಕಾರ್ರ, ಅಲ್ಲಿ ಉಂಡಾಂವ ತನ್ನ ತಾಟ ತಾನ ತೊಳೀಬೇಕಂತ. ಚಂದಂಗ ತೊಳೀರಿ."